ಮುರಿದ ಕೈಗೆಂದು ಮಾಡಿದ ಕೋಲು

ಪೀಣ್ಯದಲ್ಲಿ ಪರಿಚಯದವರೊಬ್ಬರ ಲೇತ್ ವರ್ಕ್‌ಶಾಪ್ ಇದೆ. ಅಲ್ಲಿನ ವೈಸಿನ ಕಬ್ಬಿಣದ ದವಡೆಗೆ ಆ ಕೋಲನ್ನು ಕಚ್ಚಿಸಿ, ಅದರ ಕುತ್ತಿಗೆಗೆ ಸುತ್ತಿದ್ದ ಹಳೆಯ ದಾರವನ್ನು ಬ್ಲೇಡಿನಿಂದ ಬಿಚ್ಚುತ್ತಾ ಕೂತಿದ್ದಾಗ ಮಾಲೀಕರು ಬಂದು ಇಣುಕಿದರು.

"ಏನ್ ಮೇಡಂ ಇದು?"

"ಡ್ರೈವರ್. ರಿಪೇರಿ ಮಾಡ್ತಿದೀನಿ."

"ಹಂಗಾದ್ರೆ ನಮ್ ಟೆಂಪೋ ಡ್ರೈವರ್‌ನೂ ಕರ್ಕೊಂಡ್ಬರ್ತೀನಿ ಇರಿ. ಅವನನ್ನೂ ಸ್ವಲ್ಪ ಈ ವೈಸಿಗೆ ಹಾಕಿ ಟೈಟ್ ಮಾಡ್ಬಿಡಿ, ಬೆಳಬೆಳಿಗ್ಗೆನೇ ಹಾಕ್ಕೊಂಡ್ ಬರ್ತಾನೆ."

ಗಾಲ್ಫಿನಲ್ಲಿ ಡ್ರೈವರ್ ಎಂದರೆ ಚೆಂಡನ್ನು ಎಲ್ಲಕ್ಕಿಂತ ದೂರ ಹೊಡೆಯುವ ಕೋಲು. ಈಗ ಬರುವವುಗಳ ತಲೆ ಲೋಹದ್ದು, ತೆಂಗಿನಕಾಯಿಯಷ್ಟು ದಪ್ಪ. ನನ್ನ ಕೈಯಲ್ಲಿದ್ದದ್ದರ ತಲೆ ಪರ್ಸಿಮನ್ ಎಂಬ ಗಟ್ಟಿ ಮರದ್ದು, ಮುಷ್ಟಿಗಿಂತ ಕೊಂಚ ದೊಡ್ಡದು. ಅದರ ಒಡೆಯರು ಒಬ್ಬ ಇಂಗ್ಲಿಷ್ ಪ್ರೊಫೆಷನಲ್. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ತಮ್ಮ ದೇಶದ ದೊಡ್ಡ ಟೂರ್ನಮೆಂಟುಗಳಲ್ಲಿ ಆಡಿದವರು, ಕೊನೆಗೆ ಬೆಂಗಳೂರಿನ ಕ್ಲಬ್ಬೊಂದಕ್ಕೆ ಆಟ ಕಲಿಸಲು ಬಂದು ಇಲ್ಲೇ ಮಣ್ಣಾದವರು. ನಾವೆಲ್ಲ ಅವರನ್ನು ಪ್ರೊ ಎಂದೇ ಕರೆಯುತ್ತಿದ್ದೆವು. ಕಾನ್ವೆಂಟ್ ಮುಗಿಸಿದ ಹೊಸತರಲ್ಲಿ ನಾನು ಅವರ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕೋಲಿನ ಕತ್ತಿಗೆ ಮೇಣದ ದಾರ ಸುತ್ತುವುದು, ಹಿಡಿಗೆ ಚರ್ಮ ಎಳೆಯುವುದು, ಎಲ್ಲ ಅವರಿಂದ ಕಲಿತದ್ದು. ದಾರ ಸಡಿಲವಾದರೆ ಗೆಣ್ಣಿನ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ಬೀಳುತ್ತಿತ್ತು. ಹಾಗಿದ್ದೂ ಅವರು ಹೋದ ಮೇಲೆ ಕೋಲುಗಳು ನನ್ನ ಬಳಿಯೇ ಉಳಿದವು. ಮಾರುವ ಮನಸ್ಸು ಬರಲೇ ಇಲ್ಲ.

ಸರ್ಜಾಪುರದಾಚೆ ಹೊಸದಾಗಿ ಎದ್ದಿರುವ ವಿಲ್ಲಾ ಬಡಾವಣೆಯವರು ಅವುಗಳನ್ನು ಕೇಳಿಕೊಂಡು ಬಂದರು. ಬಡಾವಣೆಯ ನಡುವೆ ಗಾಲ್ಫ್ ಮೈದಾನ, ಅದಕ್ಕೊಂದು ಕ್ಲಬ್‌ಹೌಸ್. ಅಲ್ಲಿ ಪ್ರೊ ಅವರ ಕೋಲುಗಳ ಗ್ಯಾಲರಿ ಮಾಡುವುದು, ಉದ್ಘಾಟನೆಯ ದಿನ ನಾನು ಮೈಕಿನಲ್ಲಿ ಅವರ ಜೀವನ ಹೇಳುತ್ತಿದ್ದಂತೆ ಬಡಾವಣೆಯ ಕೋಚ್ ಆ ಹಳೆಯ ಡ್ರೈವರಿನಿಂದ ಒಂದು ಹೊಡೆತ ಹೊಡೆದು ತೋರಿಸುವುದು. ಇಷ್ಟು ಕೆಲಸ. ಈ ವಯಸ್ಸಿನಲ್ಲಿ ಯಾರಾದರೂ ಕೆಲಸವಿದೆ ಎಂದು ಬಾಗಿಲು ತಟ್ಟಿದರೆ, ಐ ಮಸ್ಟ್ ಸೇ, ಎದೆ ಹಗುರಾಗುತ್ತದೆ.

ದಾರ ಬಿಚ್ಚಿದೆ. ತಲೆಯನ್ನೂ ಉಕ್ಕಿನ ದಂಡವನ್ನೂ ಹಿಡಿದಿದ್ದ ಸಣ್ಣ ಮೊಳೆಯನ್ನು ಡ್ರಿಲ್ ಹಾಕಿ ತೆಗೆದೆ. ಒಣಗಿ ಪುಡಿಯಾಗಿದ್ದ ಅಂಟನ್ನು ಕೆರೆದು, ಹೊಸ ಅಂಟು ತುಂಬಿ, ಒಂದು ದಿನ ಹಾಗೇ ಬಿಟ್ಟೆ. ಚೆಂಡಿಗೆ ತಾಗುವ ಮುಖದ ತಿರುಪುಗಳನ್ನು ಬಿಗಿದು ಮೇಣ ಹಚ್ಚಿದ ಹೊಸ ದಾರ ಸುತ್ತಿದೆ. ಮುಖವನ್ನು ಮಾತ್ರ ಮುಟ್ಟಲಿಲ್ಲ. ಅದು ನೇರವಾಗಿರಲಿಲ್ಲ. ಆಟಗಾರನ ಎಡಕ್ಕೆ ಕೊಂಚ ತಿರುಗಿಕೊಂಡಿತ್ತು. ಅದು ಕೆಟ್ಟದ್ದಲ್ಲ, ಪ್ರೊ ತಾವೇ ಅರ ಹಾಕಿ ಉಜ್ಜಿ ಹಾಗೆ ಮಾಡಿಕೊಂಡದ್ದು. ಯಾಕೆ ಎಂದು ಹೇಳಬೇಕಾದರೆ ಅವರ ಕತೆಯನ್ನೇ ಹೇಳಬೇಕು.

ಸಮುದ್ರ ದಂಡೆಯ ಸಣ್ಣ ಊರು. ತಂದೆ ಗಾಲ್ಫ್ ಕೋಲು ಮಾಡುವವನು, ಮಗನ ಕೆಲಸ ಮನಸ್ಸಿಗೆ ಬರದಿದ್ದರೆ ಅದೇ ಕೋಲಿನಿಂದ ಬೆನ್ನಿಗೆ ಬಾರಿಸುವವನು. ಮೀಸೆ ಮೂಡುವ ಮೊದಲೇ ಮಗ ಕ್ಲಬ್ಬೊಂದರಲ್ಲಿ ಕೆಲಸಕ್ಕೆ ಸೇರಿದ. ಆಗ ಅಲ್ಲಿ ಪ್ರೊಫೆಷನಲ್ ಎಂದರೆ ಆಳು. ಸದಸ್ಯರಿಗೆ ಆಟ ಕಲಿಸಬಹುದು, ಕ್ಲಬ್ಬಿನ ಮುಂಬಾಗಿಲಲ್ಲಿ ಕಾಲಿಡುವಂತಿಲ್ಲ. ಆಮೇಲೆ ಯುದ್ಧ, ಫಿರಂಗಿದಳ. ಬದುಕಿ ಹಿಂತಿರುಗಿದ ಮೇಲೆ ಅವರ ಹೆಸರು ಪತ್ರಿಕೆಗಳಲ್ಲಿ ಬರತೊಡಗಿತು. ಗಾಳಿಯ ಅಡಿಯಲ್ಲಿ ತೂರುವ ತಗ್ಗಿನ ಹೊಡೆತ ಅವರದು. ನೋಡಿದವರು ಅದನ್ನು ಆಟ ಅನ್ನುತ್ತಿರಲಿಲ್ಲವಂತೆ, ಏಟು ಅನ್ನುತ್ತಿದ್ದರಂತೆ. ಒಂದು ದೊಡ್ಡ ಟೂರ್ನಮೆಂಟಿನ ಕೊನೆಯ ದಿನ ಅವರೇ ಮುಂದಿದ್ದರು. ಕೋಲು ತಾಗುವ ಮೊದಲೇ ಚೆಂಡು ಹುಲ್ಲಿನಲ್ಲಿ ಅಲುಗಿತೆಂದು ಅಧಿಕಾರಿಯೊಬ್ಬ ಒಂದು ಹೊಡೆತದ ದಂಡ ಹಾಕಿದ. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆಲ್ಲುವ ಆಟ ಇದು, ಆ ಒಂದು ಹೊಡೆತದಲ್ಲಿ ಸೋತರು. ಸ್ಕೋರಿಗೆ ಸಹಿ ಹಾಕಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಆ ಅಧಿಕಾರಿಯ ಮುಖಕ್ಕೆ ಗುದ್ದಿದರು. ಅವನು ಬಿದ್ದ ಮೇಲೂ ಬಗ್ಗಿ ಗುದ್ದಿದರು. ಅವನ ದವಡೆ ಮುರಿಯಿತು. ಇವರ ಬಲಗೈಯ ಕೊನೆಯ ಎರಡು ಬೆರಳುಗಳ ಬುಡ ಪುಡಿಯಾಯಿತು. ಟೂರ್ನಮೆಂಟುಗಳಿಂದ ಅವರನ್ನು ಹೊರಗೆ ಹಾಕಿದರು.

ಆ ಎರಡು ಬೆರಳು ಮತ್ತೆ ಪೂರ್ತಿ ಮಡಚಲಿಲ್ಲ. ಹಿಡಿತ ಸಡಿಲವಾದ ಕೈಯಿಂದ ಹೊಡೆದ ಚೆಂಡು ಬಲಕ್ಕೆ ಓಡುತ್ತದೆ. ಅದನ್ನು ತಡೆಯಲು ಅವರು ಕೋಲಿನ ಮುಖವನ್ನೇ ಎಡಕ್ಕೆ ತಿರುಗಿಸಿಕೊಂಡರು. ಮುರಿದ ಕೈಗೆ ಅದು ನೇರ ಹೊಡೆಯುವ ಕೋಲು. ಗಟ್ಟಿ ಕೈಯವನು ಅದನ್ನೇ ತನ್ನ ಅಭ್ಯಾಸದಂತೆ ಬೀಸಿದರೆ ಚೆಂಡು ಎಡಕ್ಕೆ ಹಾರಿ ನಾಯಿ ಕಡಿಯಲು ತಿರುಗುವ ಹಾಗೆ ತಿರುಗುತ್ತದೆ.

ಈ ಕತೆಯನ್ನು ಉದ್ಘಾಟನೆಗೆಂದು ಬರೆದುಕೊಂಡು ಹೋದಾಗ ಈವೆಂಟ್ಸ್ ಮ್ಯಾನೇಜರ್ ಓದಿ ತುಟಿ ಕಚ್ಚಿದಳು. ಬ್ರೂಕ್‌ಫೀಲ್ಡಿನ ಹುಡುಗಿ, ಚುರುಕು.

"ಆಂಟಿ, ಸೂಪರ್ ಆಗಿದೆ. ಆದ್ರೆ ಈ ಗುದ್ದಿದ್ ಪಾರ್ಟ್ ತುಂಬಾ ಡಾರ್ಕ್ ಆಯ್ತು. ಫ್ಯಾಮಿಲೀಸ್ ಬರ್ತಾರೆ. ‘ಡಿಸಗ್ರಿಮೆಂಟ್ ಆಯ್ತು, ಇಂಡಿಯಾಗೆ ಬಂದ್ರು’ ಅಂತ ಮಾಡ್ಬಿಡೋಣ್ವಾ?"

"ಡಿಸಗ್ರಿಮೆಂಟಿನಲ್ಲಿ ಯಾರ ದವಡೆಯೂ ಮುರಿಯೋದಿಲ್ಲ, ಮೈ ಡಿಯರ್."

"ಪ್ಲೀಸ್ ಆಂಟಿ. ಪಾಸಿಟಿವ್ ಆಗಿರ್ಲಿ."

ಬಿಟ್ಟುಕೊಟ್ಟೆ. ಇನ್ನೊಂದು ವಿಷಯಕ್ಕೆ ಹಟ ಹಿಡಿಯಬೇಕಿತ್ತು, ಒಂದೇ ದಿನ ಎರಡು ಜಗಳ ಬೇಡವೆನಿಸಿತು. ಹೊಡೆಯುವ ಜಾಗದ ಎಡಕ್ಕೆ, ಒಂದು ಬೇಲಿಯಾಚೆ, ಇನ್ನೂ ವಿಲ್ಲಾಗಳು ಏಳುತ್ತಿದ್ದವು. ಯಾದಗಿರಿ ಕಡೆಯಿಂದ ಬಂದ ಜನ ಅಟ್ಟಣಿಗೆ ಕಟ್ಟಿಕೊಂಡು ಪ್ಲಾಸ್ಟರಿಂಗ್ ಮಾಡುತ್ತಿದ್ದರು. ಹೊಡೆಯುವ ಜಾಗವನ್ನು ಇನ್ನೊಂದು ಮಗ್ಗುಲಿಗೆ ಸರಿಸಿ, ಇಲ್ಲವೆ ಅವರ ಕೆಲಸ ನಿಲ್ಲಿಸಿ ಎಂದೆ. ಆ ಮಗ್ಗುಲಿನಿಂದ ಫೋಟೋದಲ್ಲಿ ಕೆರೆ ಬರುವುದಿಲ್ಲ, ಆ ಹೊತ್ತಿಗೆ ಅವರೆಲ್ಲ ಊಟಕ್ಕೆ ಹೋಗಿರುತ್ತಾರೆ ಎಂದಳು.

ಕೋಚ್ ಪಕ್ಕದ ಹಳ್ಳಿಯವನೇ. ಮೈದಾನವಾಗಿರುವ ನೆಲದಲ್ಲಿ ಅವನ ಅಜ್ಜ ರಾಗಿ ಬೆಳೆಯುತ್ತಿದ್ದನಂತೆ. ಒಳ್ಳೆಯ ಕೈ, ಸಿಡುಕು ಬಾಯಿ. ಮೈದಾನದ ಇನ್ನೊಂದು ತುದಿಯಲ್ಲಿ ಮೊದಲ ಸಲ ಆ ಡ್ರೈವರಿನಿಂದ ಹೊಡೆದಾಗ ಚೆಂಡು ಎಡಗಡೆಯ ನೀಲಗಿರಿ ಸಾಲಿಗೆ ಹೋಗಿ ಪಟಾರನೆ ಬಡಿಯಿತು.

"ಏನ್ ಆಂಟಿ ಇದು, ದೆವ್ವ ಹಿಡಿದೈತಾ ಇದುಕ್ಕೆ?"

"ನಿನ್ನ ಬಲಗೈ ತೀರಾ ಚೆನ್ನಾಗಿದೆ, ಅದೇ ತೊಂದರೆ. ಆ ಎರಡು ಬೆರಳು ಬಿಡು. ಸುಮ್ಮನೆ ತಾಗಿರಲಿ, ಹಿಡಿಯಬಾರದು."

"ಅಂಗೆಂಗ್ ಆಯ್ತದೆ? ಬಿಟ್ರೆ ಕೋಲೇ ಆರೋಗ್ತದೆ."

ದಿನಾ ಬೆಳಿಗ್ಗೆ ಬಿಡಿಸಿದೆ. ಎರಡು ಬೆರಳನ್ನೂ ಬ್ಯಾಂಡೇಜಿನಿಂದ ನೇರ ಕಟ್ಟಿ ಹೊಡೆಸಿದೆ. ಕೊನೆಗೊಮ್ಮೆ ಚೆಂಡು ತಗ್ಗಿನಲ್ಲಿ, ನೇರವಾಗಿ, ಸೀಟಿ ಹಾಕುತ್ತಾ ಹೋಯಿತು. ಅದನ್ನು ಕೇಳಿ ನನ್ನ ಕಣ್ಣು ತುಂಬಿತು. ಅದೇ ಸದ್ದು. ಆ ಸದ್ದಿಗೆ ನಾನು ಎಷ್ಟು ವರ್ಷ ಅಂಗಡಿಯ ಕಿಟಕಿಯಲ್ಲಿ ಕತ್ತು ಚಾಚಿದ್ದೆನೋ.

ಉದ್ಘಾಟನೆಯ ದಿನ ಅತಿಥಿಗಳು ತಡವಾಗಿ ಬಂದರು. ಕೆಲಸಗಾರರ ಊಟದ ಹೊತ್ತು ಮುಗಿದು ಅವರು ಮತ್ತೆ ಅಟ್ಟಣಿಗೆ ಹತ್ತಿದ್ದರು. ಅದೇ ಬೆಳಿಗ್ಗೆ ಅವರಲ್ಲೊಬ್ಬ ಮೈದಾನದ ಕೆರೆಯಲ್ಲಿ ಕರಣೆ ತೊಳೆದನೆಂದು ಕೋಚ್ ಅವನ ಮೇಲೆ ಕೂಗಾಡಿದ್ದ. "ನಿಮ್ಮಪ್ಪಂದೇನೋ ಕೆರೆ?" ಎಂದಿದ್ದ. ಆ ಮನುಷ್ಯ ಸುಮ್ಮನೆ ಕರಣೆ ಒರೆಸಿಕೊಂಡು ಹೋಗಿದ್ದ. ನಲವತ್ತು ದಾಟಿದವನು, ಗಡ್ಡ ನರೆತಿತ್ತು.

ನಾನು ಮೈಕಿನಲ್ಲಿ ಪ್ರೊ ಇಂಡಿಯಾಕ್ಕೆ ಬಂದ ಕತೆಗೆ ಬಂದಿದ್ದೆ. ಕೋಚ್ ಚೆಂಡಿನ ಮುಂದೆ ನಿಂತ. ಮೊಬೈಲುಗಳು ಮೇಲೆದ್ದವು. ಅವನ ಬಲಗೈಯ ಕೊನೆಯ ಎರಡು ಬೆರಳು ಹಿಡಿಯ ಸುತ್ತ ಬಿಗಿಯಾಗುವುದನ್ನು ನಾನು ಕಂಡೆ. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನು ಬೀಸಿಬಿಟ್ಟಿದ್ದ.

ಚೆಂಡು ಎಡಕ್ಕೆ ಹೊರಳಿತು. ಅವನು ಅಭ್ಯಾಸಬಲದಿಂದ, ಎಲ್ಲ ಗಾಲ್ಫ್ ಆಟಗಾರರಂತೆ, ಎದೆ ತುಂಬ ಕೂಗಿದ: "ಫೋರ್!"

ತಲೆ ತಗ್ಗಿಸು, ಚೆಂಡು ಬರುತ್ತಿದೆ ಎಂಬುದಕ್ಕೆ ಗಾಲ್ಫಿನಲ್ಲಿ ಲೋಕವೆಲ್ಲ ಕೂಗುವ ಮಾತು ಅದು. ಆದರೆ ಅವನ ಬಾಯಲ್ಲಿ, ಅಷ್ಟು ಎಳೆದು ಕೂಗಿದಾಗ, ಅದು ಬೇಲಿಯಾಚೆ ಮುಟ್ಟಿದ್ದು "ಪೋ...ರಾ!" ಎಂದು. ಅಟ್ಟಣಿಗೆಯ ಮೇಲಿದ್ದ ಆ ನರೆಗಡ್ಡದ ಮನುಷ್ಯ ಗೋಡೆ ಬಿಟ್ಟು ಸರಕ್ಕನೆ ಇತ್ತ ಮುಖ ತಿರುಗಿಸಿದ. ಚೆಂಡು ಅವನ ಬಲಗಣ್ಣಿಗೆ ಬಡಿಯಿತು.

ಆ ಸದ್ದು ಮರಕ್ಕೆ ಬಡಿದಂತಿರಲಿಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂತಿತ್ತು. ಅವನು ಅಟ್ಟಣಿಗೆಯಿಂದ ಮರಳಿನ ಗುಡ್ಡೆಯ ಮೇಲೆ ಬಿದ್ದ. ಕೆಳಗೆ ಸಿಮೆಂಟ್ ಕಲೆಸುತ್ತಿದ್ದ ಅವನ ಹೆಂಡತಿ ಗಾರೆಯ ಬುಟ್ಟಿ ಎಸೆದು ಓಡಿಬಂದಳು. ಅವನ ಬೆರಳುಗಳ ಸಂದಿಯಿಂದ ರಕ್ತ ಮೊಣಕೈವರೆಗೆ ಇಳಿಯುತ್ತಿತ್ತು. ಅವಳು ಬೇಲಿಯತ್ತ ತಿರುಗಿ ಅರಚಿದಳು.

"ಮುಂಜಾನೆ ಬೈದ, ಸಾಲಲಿಲ್ಲ! ಈಗ ಗಡ್ಡ ಹಣ್ಣಾದ ಗಂಡಸಿಗಿ ಪೋರಾ ಅಂತ ಕರದ! ಯಾವನಂವ ಅಂತ ತಿರುಗಿ ನೋಡಿದ್ರ, ನೋಡಿದ ಕಣ್ಣಿಗೇ ಹೊಡದ!"

ಅಷ್ಟು ಸಾಕಾಯಿತು. ಅಟ್ಟಣಿಗೆಗಳಿಂದ ಜನ ಇಳಿದರು. ಬೇಲಿ ಮಲಗಿತು. ಸಲಿಕೆ, ಹಾರೆ, ಕಬ್ಬಿಣದ ಕೊಳವೆ, ಕೈಗೆ ಸಿಕ್ಕಿದ್ದು. ಬಿಳಿ ಅಂಗಿಯ ಅತಿಥಿಗಳು ಗಾಲ್ಫ್ ಗಾಡಿಗಳನ್ನು ಹತ್ತಿ ಗೇಟಿನತ್ತ ಓಡಿಸಿದರು. ಗೇಟನ್ನು ಆಗಲೇ ಮರಳಿನ ಟಿಪ್ಪರ್ ಅಡ್ಡ ನಿಲ್ಲಿಸಿ ಮುಚ್ಚಿದ್ದರು. "ಒಬ್ಬನ್ನೂ ಬಿಡಬ್ಯಾಡ್ರಿ!" ಎಂಬ ಕೂಗು. ಗಾಡಿಯೊಂದು ಮಗುಚಿತು. ಗ್ಯಾಲರಿಯ ಗಾಜುಗಳು ಒಡೆದವು, ಒಳಗಿದ್ದ ಪ್ರೊ ಅವರ ಕೋಲುಗಳು ಹೊರಗೆ ಬಂದವು. ನಾನು ಚರ್ಮ ಹಾಕಿ, ಎಣ್ಣೆ ಒರೆಸಿ, ಕೆಂಪು ಮಖಮಲ್ಲಿನ ಮೇಲೆ ಮಲಗಿಸಿದ್ದ ಕಬ್ಬಿಣದ ಕೋಲು ಸೆಕ್ಯುರಿಟಿಯವನ ತಲೆಗೆ ಇಳಿಯುವುದನ್ನು ನೋಡಿದೆ. ಅವನು ಮೊಣಕಾಲೂರಿದ. ಎರಡನೆಯ ಏಟಿಗೆ ಮಲಗಿದ. ಇನ್ನೊಬ್ಬ ಸೆಕ್ಯುರಿಟಿಯವನು ಲಾಠಿ ಬೀಸಿ ಒಬ್ಬ ಕೆಲಸಗಾರನ ಹಲ್ಲು ಉದುರಿಸಿದ, ಮರುಕ್ಷಣ ಅವನೂ ಕಾಲುಗಳ ಕೆಳಗಾದ.

ಕೋಚ್ ಓಡಲಿಲ್ಲ. ಬೇಲಿಯತ್ತ ಹೋಗುತ್ತಿದ್ದ, ಬಿದ್ದವನನ್ನು ನೋಡಲು. ಅವನನ್ನು ಅಲ್ಲೇ ಕೆಡವಿದರು. ಒದ್ದರು. ಮುಖ ಹುಲ್ಲಿಗೆ ಒತ್ತಿದರು.

"ಯಾವ ಕೈಲೆ ಹೊಡದ್ಯೋ ಮಗನ?"

"ಎರಡೂ ಕೈಲೇ ಹಿಡಿತಾರ ಅದನ್ನ, ನಾ ನೋಡೀನಿ."

"ಹಂಗಾದ್ರ ಎರಡೂ ಇಡ್ರಿ."

ಹೊಡೆಯುವ ಜಾಗದ ಗುರುತಿಗೆ ಅಲ್ಲೊಂದು ಗ್ರಾನೈಟ್ ಕಲ್ಲು ನೆಟ್ಟಿದ್ದರು. ಅದರ ಮೇಲೆ ಅವನ ಎಡಗೈ ಇಟ್ಟು ಒಬ್ಬ ಮಣಿಕಟ್ಟನ್ನು ತುಳಿದು ನಿಂತ. ಇನ್ನೊಬ್ಬ ಕಲ್ಲು ಒಡೆಯುವ ಸುತ್ತಿಗೆ ಎತ್ತಿದ. ಕೋಚ್ ಮೈಯೆಲ್ಲ ತಿರುಚಿದ. ಸುತ್ತಿಗೆ ಅಂಚಿಗೆ ಬಿತ್ತು. ಕಿರುಬೆರಳು ಜಜ್ಜಿಹೋಯಿತು. ಅವನು ಅರಚಿದ. ಸುತ್ತಿಗೆ ಮತ್ತೆ ಮೇಲೆ ಹೋಯಿತು.

ಮ್ಯಾನೇಜರ್ ಹುಡುಗಿ ನನ್ನ ಸೆರಗು ಹಿಡಿದು ಎಳೆಯುತ್ತಿದ್ದಳು. "ಆಂಟಿ ಬನ್ನಿ, ಪೊಲೀಸ್‌ಗೆ ಫೋನ್ ಮಾಡಿದೀನಿ, ಅತ್ತಿಬೆಲೆ ರೋಡಲ್ಲಿ ಜಾಮ್ ಅಂತೆ, ಬನ್ನಿ ಒಳಗೆ!" ಮೈಕ್ ಇನ್ನೂ ನನ್ನ ಕೈಯಲ್ಲಿತ್ತು, ಅದರ ಹಸಿರು ದೀಪ ಉರಿಯುತ್ತಿತ್ತು. ನಿಲ್ಲಿಸಿ ಎಂದರೆ ನಿಲ್ಲುವ ಜನ ಅದಲ್ಲ. ಅವರೇನು ಕೇಳಿಸಿಕೊಂಡರು, ಅವನೇನು ಕೂಗಿದ, ಎರಡೂ ನನಗೆ ಆ ಹೊತ್ತಿಗೆ ಅರ್ಥವಾಗಿತ್ತು. ಬಿಡಿಸಿ ಹೇಳುವಷ್ಟು ಪುರುಸೊತ್ತು ಸುತ್ತಿಗೆಗಿರಲಿಲ್ಲ. ಮೈಕನ್ನು ತುಟಿಗೆ ಒತ್ತಿ, ನನ್ನಲ್ಲಿದ್ದ ಅಷ್ಟೂ ಉಸಿರಿನಿಂದ ಕೂಗಿದೆ.

"ಪೋ...ರಾ!"

ಕಂಬಗಳ ಮೇಲಿನ ಎಲ್ಲ ಸ್ಪೀಕರುಗಳೂ ಒಟ್ಟಿಗೆ ಗುಡುಗಿದವು. ಅಷ್ಟೂ ಮುಖಗಳು ಇತ್ತ ತಿರುಗಿದವು. ಸುತ್ತಿಗೆಯವನದೂ.

"ಯಾರ್‍ಲೇ ಆಕಿ ಮುದುಕಿ, ಯಾರಿಗಿ ಪೋರಾ ಅಂತಾಳ?"

"ಇದೇ!" ಎಂದೆ. "ಇದೇ ಆದದ್ದು! ನೀವೀಗ ಎಲ್ಲರೂ ನನ್ನ ಕಡೆ ಮುಖ ತಿರುಗಿಸಿದಿರಿ. ಪೆಟ್ಟು ತಿಂದವರೂ ಹೀಗೇ ತಿರುಗಿಸಿದರು. ಇವನು ಪೋರ ಅನ್ನಲಿಲ್ಲ. ಫೋರ್ ಅಂದ. ಅದು ಈ ಆಟದ ಇಂಗ್ಲಿಷ್ ಮಾತು. ಚೆಂಡು ಬರ್ತಿದೆ, ಬಗ್ಗಿ ಅಂತ ಅರ್ಥ. ಬಗ್ಗಲಿ ಅಂತಲೇ ಕೂಗಿದ, ಬೈಯಲಿಲ್ಲ!"

"ಬಗ್ಗು ಅನ್ನಾಕ ಬಾಯಾಗ ಏನ್ ಇಟ್ಕೊಂಡಿದ್ದ?" ಯಾರೋ ಕೂಗಿದರು. "ಕನ್ನಡ ಬರಂಗಿಲ್ಲೇನು ಅವಗ? ಬೈಯಾಕ ಬರ್ತದ!"

ಹುಲ್ಲಿನಲ್ಲಿ ಹುದುಗಿದ್ದ ಕೋಚ್‌ನ ಬಾಯಿಂದ ಮಾತು ಬಂತು. "ಅಭ್ಯಾಸ ಕಣಣ್ಣಾ... ಎಲ್ಲಾರೂ ಅಂಗೇ ಕೂಗಾದು... ತೆಪ್ಪಾಯ್ತು..."

ಸುತ್ತಿಗೆಯವನು ಇನ್ನೂ ತೋಳು ಇಳಿಸಿರಲಿಲ್ಲ. ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಬಿದ್ದವನ ಹೆಂಡತಿ ಬಂದಳು. ರವಿಕೆಯ ಮುಂಭಾಗ ಪೂರ್ತಿ ರಕ್ತವಾಗಿತ್ತು. ಕೋಚ್‌ನ ಕೂದಲು ಹಿಡಿದು ಮುಖ ಎತ್ತಿ ಕಪಾಳಕ್ಕೆ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು. ಆಮೇಲೆ ಸುತ್ತಿಗೆಯವನ ಕಡೆ ತಿರುಗಿದಳು.

"ಇಳಸೋ ಅದನ್ನ. ಇವನ ಕೈ ಮುರದ್ರ ನನ್ನ ಗಂಡನ್ನ ಯಾರ್ ಎತ್ತತಾರ? ಇಷ್ಟ್ ಮಂದಿ ಹೊಡಿಲಾಕ ಬಂದೀರಿ, ಎತ್ತಲಾಕ ಒಬ್ಬನೂ ಬಂದಿಲ್ಲ. ಅಲ್ಲಿ ಒಬ್ಬಂವ ಉಸುಕಿನಾಗ ಬಿದ್ದಾನ!"

ಮಣಿಕಟ್ಟಿನ ಮೇಲಿನ ಕಾಲು ಸರಿಯಿತು. ಕೋಚ್ ಎದ್ದ. ಜಜ್ಜಿದ ಬೆರಳು ನೇತಾಡುತ್ತಿದ್ದ ಕೈಯಿಂದಲೇ ಆ ಮನುಷ್ಯನನ್ನು ಮರಳಿನಿಂದ ಎತ್ತಿ ತೋಳ ಮೇಲೆ ಮಲಗಿಸಿಕೊಂಡ. ಇಬ್ಬರ ರಕ್ತವೂ ಒಂದೇ ಅಂಗಿಗೆ ಇಳಿಯಿತು. ಟಿಪ್ಪರ್ ಹಿಂದೆ ಸರಿಯಿತು. ನಾನು ಬಂದಿದ್ದ ಕಾರಿನಲ್ಲೇ ಹೊರಟೆವು. ಹಿಂದಿನ ಸೀಟಿನಲ್ಲಿ ಗಂಡನ ತಲೆಯನ್ನು ಹೆಂಡತಿ ಎದೆಗೆ ಒತ್ತಿಕೊಂಡಿದ್ದಳು, ಕಾಲುಗಳನ್ನು ಕೋಚ್ ತೊಡೆಯ ಮೇಲಿಟ್ಟುಕೊಂಡಿದ್ದ. ದೊಮ್ಮಸಂದ್ರದ ಸಿಗ್ನಲ್ಲಿಗೆ ಬಂದು ಕಾರು ನಿಂತಿತು. ಅಲ್ಲಿ ಆ ಮನುಷ್ಯ, "ಗಾಡಿ ಯಾಕ ನಿಂತದ? ಕತ್ತಲಾಯ್ತೇನು?" ಎಂದು ಕೇಳಿದ. ಹೊರಗೆ ಮಧ್ಯಾಹ್ನದ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಊದಿದ ಮುಖದಲ್ಲಿ ಅವನ ಇನ್ನೊಂದು ಕಣ್ಣೂ ಮುಚ್ಚಿಹೋಗಿತ್ತು.

ಬಲಗಣ್ಣು ಉಳಿಯಲಿಲ್ಲ. ಎಡಗಣ್ಣಿನ ಊತ ಇಳಿಯಿತು, ಅದು ಕಾಣುತ್ತದೆ ಎಂದರು. ಪೊಲೀಸರು ಎರಡೂ ಕಡೆಯವರ ಮೇಲೆ ಕೇಸು ಹಾಕಿದರು. ನನ್ನ ಹೇಳಿಕೆ ಬರೆದುಕೊಂಡ ಇನ್ಸ್‌ಪೆಕ್ಟರ್ "ಫೋರ್ ಅಂದ್ರೆ ನಾಲ್ಕಲ್ವಾ ಮೇಡಂ?" ಎಂದು ಮತ್ತೆ ಮತ್ತೆ ಕೇಳಿದರು.

ಆಸ್ಪತ್ರೆಯಿಂದ ಬಂದ ಮೇಲೆ ಆ ಮನುಷ್ಯ ಮತ್ತೆ ಕರಣೆ ಹಿಡಿದು ನೋಡಿದನಂತೆ. ಒಂದೇ ಕಣ್ಣಿಗೆ ಗೋಡೆ ಎಷ್ಟು ದೂರವಿದೆಯೆಂದು ತಿಳಿಯಲಿಲ್ಲ. ಬೀಸಿದ ಗಾರೆ ಗೋಡೆ ಮುಟ್ಟದೆ ಅವನ ಪಾದದ ಮೇಲೇ ಬಿತ್ತಂತೆ. ಕೋಚ್ ಹಣ್ಣಿನ ಚೀಲ ಹಿಡಿದುಕೊಂಡು ಅವರ ಶೆಡ್ಡಿಗೆ ಹೋದದ್ದು ಅದಾದ ಮೇಲೆ. ಹೆಂಡತಿ ಚೀಲ ಇಸಿದುಕೊಂಡು ಮೂಲೆಗಿಟ್ಟಳು. "ಕೈ ಉಳದಾವಲ್ಲ ನಿನ್ನವು? ಗ್ವಾಡಿ ಅರ್ಧಕ್ಕ ನಿಂತದ, ನಡಿ," ಎಂದಳು.

ಗ್ಯಾಲರಿಗೆ ಪ್ರೊ ಅವರ ಕತೆಯನ್ನು ನನ್ನ ದನಿಯಲ್ಲಿ ರೆಕಾರ್ಡ್ ಮಾಡಿಸಬೇಕೆಂದು ಮ್ಯಾನೇಜರ್ ಕರೆಸಿದ ದಿನ ನಾನು ಅವರು ಗಾರೆ ಕೆಲಸ ಮಾಡುತ್ತಿದ್ದ ವಿಲ್ಲಾಕ್ಕೆ ಹೋದೆ. ಗ್ಯಾಲರಿಗೆ ಹೊಸ ಗಾಜು ಬಂದಿತ್ತು, ಅವಸರವಿತ್ತು ಅವಳಿಗೆ. ವಿಲ್ಲಾದ ಒಳಗೆ ಕೋಚ್ ಗೋಡೆಯ ಮುಂದೆ ನಿಂತಿದ್ದ. ಎಡಗೈಯ ಕಿರುಬೆರಳಿಗೆ ಬ್ಯಾಂಡೇಜ್ ಕಟ್ಟಿತ್ತು, ಬಲಗೈಯಲ್ಲಿ ಕರಣೆ. ಅಂಗೈಯ ಬೊಬ್ಬೆಗಳು ಒಡೆದು ಸಿಮೆಂಟ್ ಮೆತ್ತಿಕೊಂಡಿತ್ತು. ಗಂಡ ಸಿಮೆಂಟ್ ಚೀಲದ ಮೇಲೆ ಕೂತು, ಒಂದು ಕಣ್ಣಿನಿಂದ ನೋಡುತ್ತಾ, "ಎಡಕ್ಕ ಉಬ್ಬೇದ, ಎಳಿ. ಇನ್ನಾ ಎಳಿ," ಅನ್ನುತ್ತಿದ್ದ.

"ಸಾಕ್ ಮಾಡಣ್ಣ, ರಟ್ಟೆ ಬಿದ್ದೋಯ್ತು," ಎಂದ ಕೋಚ್.

"ನನ್ನವೂ ಬಿದ್ದಾವ, ಇಪ್ಪತ್ತ ವರ್ಸದಿಂದ. ಎಳಿ."

ಹೆಂಡತಿ ನನಗೆ ಕೂರಲು ಒಂದು ಹಲಗೆ ಹಾಕಿದಳು. "ಅಮ್ಮಾ, ಅವತ್ತ ಮೈಕ್‌ನ್ಯಾಗ ಅದ್ಯಾವ ಬಿಳಿ ಮನಸ್ಯಾನ ಕತಿ ಹೇಳಲಾಕತ್ತಿದ್ದಿ? ಗದ್ದಲದಾಗ ಅರ್ಧಕ್ಕ ನಿಂತ್ತು."

ಹೇಳಿದೆ. ಅಪ್ಪನ ಹೊಡೆತ, ಮುಂಬಾಗಿಲು, ಯುದ್ಧ, ಆ ಒಂದು ದಂಡದ ಹೊಡೆತ. ಮ್ಯಾನೇಜರ್ ತೆಗೆಸಿದ್ದ ಗುದ್ದನ್ನೂ ಹೇಳಿದೆ. ಪುಡಿಯಾದ ಬೆರಳು, ಅದಕ್ಕೆಂದು ತಿರುಗಿಸಿಕೊಂಡ ಕೋಲು, ತಮ್ಮ ಊರಿಗೆ ಮತ್ತೆಂದೂ ಹೋಗದೆ ಇಲ್ಲಿ ಸತ್ತದ್ದು. ಪೂರ್ ಮ್ಯಾನ್, ಒಂದು ಗುದ್ದಿಗೆ ಇಡೀ ಬದುಕು ಕೊಟ್ಟರು ಎಂದೆ.

ಅವಳು ಗಾರೆ ಕಲೆಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

"ಹೊಡಿಸ್ಕೊಂಡಂವ ಏನಾದ?"

"ಯಾರು?"

"ಅವನ ಕೈಲೆ ಹೊಡಿಸ್ಕೊಂಡಂವ. ದವಡಿ ಮುರೀತು ಅಂದ್ಯಲ್ಲ. ಆಮ್ಯಾಲ ಉಂಡನೋ, ಮಾತಾಡಿದನೋ, ಅವನ ಮನಿಮಂದಿ ಏನಾದ್ರು?"

ಪ್ರೊ ಅವರ ಎಷ್ಟೋ ಸಂಜೆಯ ಮಾತುಗಳನ್ನು ನಾನು ಕೇಳಿದ್ದೇನೆ. ಅವರ ಬಗ್ಗೆ ಪತ್ರಿಕೆಗಳು ಬರೆದದ್ದನ್ನೆಲ್ಲ ಓದಿದ್ದೇನೆ. ಆ ಮನುಷ್ಯನ ಹೆಸರು ಕೂಡ ಎಲ್ಲಿಯೂ ಬಂದ ನೆನಪಿಲ್ಲ.

"ಗೊತ್ತಿಲ್ಲಮ್ಮ," ಎಂದೆ.

ಅವಳು ತಲೆಯಾಡಿಸಿ ಸಲಿಕೆ ಎತ್ತಿಕೊಂಡಳು. ಚೀಲದ ಮೇಲೆ ಕೂತಿದ್ದ ಗಂಡ ಕತ್ತನ್ನು ಪೂರ್ತಿ ಹೊರಳಿಸಿ ಒಳ್ಳೆಯ ಕಣ್ಣನ್ನು ಗೋಡೆಯ ತುದಿಗೆ ಒಯ್ದ.

"ಆ ಮೂಲಿ ಬಿಟ್ಟಿದಿ ನೋಡು," ಎಂದ ಕೋಚ್‌ಗೆ. "ಮತ್ತ ಮಾಡು."